ಬಣ್ಣ ಹಚ್ಚುವ ಮುನ್ನ: ಔಷಧದ ಅಂಗಡಿಯ ಅಗ್ಗದ ವಸ್ತುಗಳು ಪ್ರೈಮರ್ ಆಗಬಲ್ಲವೇ?

ಉಪಜಿಲ್ಲಾ ಕಲೋತ್ಸವದ ದಿನಾಂಕ ಪ್ರಕಟವಾಯಿತೆಂದರೆ ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆಯ ಕನ್ನಡ ಮಾಧ್ಯಮ ಶಾಲೆಗಳ ಮನೆಗಳಲ್ಲಿ ಎರಡು ಬಗೆಯ ತಯಾರಿ ಆರಂಭವಾಗುತ್ತದೆ. ಒಂದು ಮಕ್ಕಳ ಅಭ್ಯಾಸ, ಇನ್ನೊಂದು ಹೆತ್ತವರ ಲೆಕ್ಕಾಚಾರ. ವೇಷಭೂಷಣದ ಬಾಡಿಗೆ, ಗೆಜ್ಜೆ, ಹೂವು, ವಾಹನ, ಬಣ್ಣ ಹಾಕುವವರ ಸಂಭಾವನೆ ಇವೆಲ್ಲ ಹಳೆಯ ಬಾಬತ್ತುಗಳು. ಈಚಿನ ವರ್ಷಗಳಲ್ಲಿ ಈ ಪಟ್ಟಿಗೆ 'ಪ್ರೈಮರ್' ಎಂಬ ಹೊಸ ಹೆಸರೊಂದು ಸೇರಿಕೊಂಡಿದೆ. ಬಣ್ಣ ಹಾಕುವವರು ಹೇಳಿದರೆಂದು, ಮೊಬೈಲಿನಲ್ಲಿ ನೋಡಿದೆವೆಂದು, ಪಕ್ಕದ ಶಾಲೆಯವರು ತರಿಸಿದರೆಂದು ಹೆತ್ತವರು ಅದನ್ನು ಹುಡುಕಿ ಹೊರಡುತ್ತಾರೆ. ಅಂಗೈಯಲ್ಲಿ ಅಡಗುವಷ್ಟು ಸಣ್ಣ ಟ್ಯೂಬಿಗೆ ಕೆಲವು ನೂರು ರೂಪಾಯಿ ಬೆಲೆ. ದಿನಗೂಲಿಯ ಮನೆಯೊಂದಕ್ಕೆ ಇದು ಹಗುರವಾದ ಖರ್ಚಲ್ಲ. ಇಂಥ ಸಣ್ಣ ಸಣ್ಣ ಖರ್ಚುಗಳು ಸೇರಿಯೇ, ಚೆನ್ನಾಗಿ ಕುಣಿಯುವ ಮಗುವೊಂದು 'ನನಗೆ ಈ ಸಲ ಬೇಡ ಟೀಚರ್' ಎಂದು ಹಿಂದೆ ಸರಿಯುವುದನ್ನು ನಾವು ಕಂಡಿದ್ದೇವೆ.

ಪ್ರೈಮರಿಗೆ ಬದಲಾಗಿ ಮೆಡಿಕಲ್ ಶಾಪಿನಲ್ಲಿ ಸಿಗುವ ಅಗ್ಗದ ವಸ್ತುಗಳನ್ನು ಹಚ್ಚಬಹುದೇ ಎಂಬುದು ಹೆತ್ತವರು ಕೇಳುವ ಪ್ರಶ್ನೆ. ಕೆಲವನ್ನು ಖಂಡಿತ ಹಚ್ಚಬಹುದು, ಕೆಲವನ್ನು ಹಚ್ಚಿದರೆ ಬಣ್ಣ ಕೆಡುತ್ತದೆ, ಇನ್ನು ಕೆಲವನ್ನು ಹಚ್ಚಿದರೆ ಮಗುವಿನ ಮುಖವೇ ಕೆಡುತ್ತದೆ. ಯಾವುದು ಯಾವ ಗುಂಪಿಗೆ ಸೇರುತ್ತದೆಂಬುದನ್ನು ತಿಳಿಸುವುದು ಈ ಬರಹದ ಉದ್ದೇಶ. ಕಾಸರಗೋಡಿನ ಕಲೋತ್ಸವವನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದರೂ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಶಾಲೆಗಳ ಗ್ಯಾದರಿಂಗಿಗೂ, ತಾಳವಾಡಿ, ಹೊಸೂರು, ಆದೋನಿ, ಮಡಕಶಿರಾ ಕಡೆಯ ವಾರ್ಷಿಕೋತ್ಸವಗಳಿಗೂ ಇದು ಅನ್ವಯಿಸುತ್ತದೆ. ಹವೆ ಬೇರೆಯಾದಲ್ಲಿ ಮಾತೂ ಸ್ವಲ್ಪ ಬೇರೆಯಾಗುತ್ತದೆ, ಅದನ್ನು ಆಯಾ ಸಂದರ್ಭದಲ್ಲಿ ಹೇಳುತ್ತೇವೆ.

ಪ್ರೈಮರ್ ಮಾಡುವ ಕೆಲಸ

ಮನೆಗೆ ಬಣ್ಣ ಹೊಡೆಸಿದವರಿಗೆ ಪ್ರೈಮರ್ ಹೊಸ ಪದವಲ್ಲ. ಗೋಡೆಯ ಸಣ್ಣ ರಂಧ್ರಗಳನ್ನು ಮುಚ್ಚಿ ಮೇಲಿನ ಬಣ್ಣ ಸಮನಾಗಿ ಕೂರುವಂತೆ ಮಾಡಲು ಮೊದಲು ಹೊಡೆಯುವ ಪದರ ಅದು. ಮುಖದ ಪ್ರೈಮರ್ ಕೂಡ ಅದೇ ಕೆಲಸವನ್ನೇ ಮಾಡುತ್ತದೆ. ಆದರೆ ಗೋಡೆ ಬೆವರುವುದಿಲ್ಲ, ಮುಖ ಬೆವರುತ್ತದೆ, ಎಣ್ಣೆ ಸುರಿಸುತ್ತದೆ, ನಗುತ್ತದೆ, ಸುಕ್ಕಾಗುತ್ತದೆ. ಆದ್ದರಿಂದ ಮುಖದ ಪ್ರೈಮರ್ ಚರ್ಮಕ್ಕೂ ಬಣ್ಣಕ್ಕೂ ನಡುವೆ ನಿಂತು ಚರ್ಮದ ಎಣ್ಣೆ ಬಣ್ಣವನ್ನು ಕರಗಿಸದಂತೆಯೂ, ಒಣ ಚರ್ಮ ಬಣ್ಣದ ತೇವವನ್ನು ಹೀರಿ ಬಿರುಕು ಬಿಡಿಸದಂತೆಯೂ ನೋಡಿಕೊಳ್ಳಬೇಕಾಗುತ್ತದೆ.

ಅಂಗಡಿಯ ಪ್ರೈಮರುಗಳಲ್ಲಿ ಮುಖ್ಯವಾಗಿ ಎರಡು ಕುಲಗಳಿವೆ. ಒಂದು ಸಿಲಿಕೋನ್ ಕುಲ. ಡಬ್ಬಿಯ ಹಿಂಬದಿಯ ಪಟ್ಟಿಯಲ್ಲಿ 'ಕೋನ್' ಅಥವಾ 'ಸಿಲೋಕ್ಸೇನ್' ಎಂದು ಕೊನೆಗೊಳ್ಳುವ ಹೆಸರುಗಳು ಮೊದಲ ಸಾಲುಗಳಲ್ಲೇ ಕಂಡರೆ ಅದು ಈ ಕುಲದ್ದು. ಡೈಮೆಥಿಕೋನ್ ಎಂಬುದು ಇವುಗಳಲ್ಲಿ ಎಲ್ಲಕ್ಕಿಂತ ಪರಿಚಿತ. ಹಚ್ಚಿದಾಗ ಸಿಲಿಕೋನಿನ ಹಗುರ ಭಾಗ ಆವಿಯಾಗಿ ಹೋಗಿ, ಭಾರದ ಭಾಗ ರೇಷ್ಮೆಯಂಥ ತೆಳುಪೊರೆಯಾಗಿ ಉಳಿಯುತ್ತದೆ. ಇನ್ನೊಂದು ನೀರು ಮತ್ತು ಗ್ಲಿಸರಿನ್ ಕುಲ. ಇದರಲ್ಲಿ ಗ್ಲಿಸರಿನ್ ತೇವವನ್ನು ಹಿಡಿದಿಟ್ಟು, ಸ್ವಲ್ಪ ಅಂಟಂಟಾಗಿ ಉಳಿದು, ಮೇಲೆ ಹಚ್ಚಿದ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಎಣ್ಣೆ ಹೀರುವ ಪುಡಿಗಳನ್ನು ಬೆರೆಸಿದ ಮ್ಯಾಟ್ ಪ್ರೈಮರುಗಳೂ ಇವೆ. ಅವು ಇವೆರಡರಲ್ಲಿ ಯಾವುದೋ ಒಂದರ ಮೇಲೆಯೇ ನಿಂತಿರುತ್ತವೆ.

ಇದು ತಿಳಿದ ಮೇಲೆ ಪ್ರೈಮರಿನ ರಹಸ್ಯ ಹೆಚ್ಚೇನೂ ಉಳಿಯುವುದಿಲ್ಲ. ಇದೇ ಸಿಲಿಕೋನ್, ಇದೇ ಗ್ಲಿಸರಿನ್, ಇದೇ ಜಿಂಕ್ ಪುಡಿ ಬೇರೆ ಬೇರೆ ಹೆಸರಿನಲ್ಲಿ ಔಷಧದ ಅಂಗಡಿಯಲ್ಲಿ ಮೊದಲಿನಿಂದಲೂ ಇವೆ. ಅಮೆರಿಕದ ಹೆಣ್ಣುಮಕ್ಕಳು ಇದನ್ನು ಬಹಳ ಹಿಂದೆಯೇ ಕಂಡುಕೊಂಡರು. ಅಲ್ಲಿನ ಡ್ರಗ್‌ಸ್ಟೋರ್ ಎಂದರೆ ಔಷಧದ ಜತೆಗೆ ಸೋಪು, ಕ್ರೀಮು, ಪೌಡರುಗಳನ್ನೂ ಮಾರುವ ಅಂಗಡಿ, ನಮ್ಮ ಪೇಟೆಯ ಮೆಡಿಕಲ್ ಶಾಪಿನ ದೊಡ್ಡಣ್ಣ. ತೊಡೆಗಳು ಉಜ್ಜಿ ಹುಣ್ಣಾಗದಂತೆ ಹಚ್ಚುವ ಡೈಮೆಥಿಕೋನ್ ಜೆಲ್ ಒಂದು ಅಲ್ಲಿ ದುಬಾರಿ ಪ್ರೈಮರಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆಂದು ಬಾಯಿಂದ ಬಾಯಿಗೆ ಹರಡಿತು. 2015ರಲ್ಲಿ ನೆದರ್ಲೆಂಡ್ಸಿನ ಪ್ರಸಾಧನ ಕಲಾವಿದೆ ನಿಕ್ಕಿ ಡಿ ಯಾಗರ್, ಗಂಡಸರು ಕ್ಷೌರದ ನಂತರ ಹಚ್ಚಿಕೊಳ್ಳುವ ನಿವಿಯಾದ ಬಾಮನ್ನು ಫೌಂಡೇಶನ್ನಿಗೆ ಮೊದಲು ಹಚ್ಚಿ ತೋರಿಸಿದ ವಿಡಿಯೊ ಲೋಕವೆಲ್ಲ ಸುತ್ತಿತು. ಆ ಬಾಮಿನ ಗುಣವೆಲ್ಲ ಅದರಲ್ಲಿದ್ದ ಗ್ಲಿಸರಿನಿನದು. ನಮ್ಮಲ್ಲಿ ಈಗ ಓಡಾಡುತ್ತಿರುವ ಸಲಹೆಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹರಿದುಬಂದವು.

ಚೌಕಿಯವರಿಗೆ ಗೊತ್ತಿದ್ದದ್ದು

ಆದರೆ ಯಕ್ಷಗಾನದ ಚೌಕಿಯಲ್ಲಿ ಒಂದು ರಾತ್ರಿ ಕುಳಿತವರಿಗೆ ಇದೇನೂ ಹೊಸ ಸಂಗತಿಯಲ್ಲ. ವೇಷಧಾರಿ ಬಣ್ಣಕ್ಕೆ ಕುಳಿತಾಗ ಮೊದಲು ಮುಖಕ್ಕೆ ಸವರಿಕೊಳ್ಳುವುದು ತೆಂಗಿನೆಣ್ಣೆಯನ್ನು. ಬಿಳಿಯ ಸಫೇದ, ಹಳದಿ, ಕೆಂಪು ಪುಡಿಗಳನ್ನು ಎಣ್ಣೆಯಲ್ಲೇ ಕಲಸಿ ಹಚ್ಚಿ, ಆಮೇಲೆ ಪೌಡರು ಒತ್ತಿ ಭದ್ರಪಡಿಸುತ್ತಾರೆ. ಅಡಿಯಲ್ಲಿ ಎಣ್ಣೆ, ಬಣ್ಣದಲ್ಲೂ ಎಣ್ಣೆ, ಮೇಲೆ ಒಣಪುಡಿ. ಈ ಕ್ರಮದಲ್ಲಿ ಪ್ರೈಮರಿನ ಇಡೀ ಶಾಸ್ತ್ರ ಅಡಗಿದೆ. ಬೆಳಗಿನವರೆಗೆ ಕುಣಿದರೂ ಬಣ್ಣ ನಿಲ್ಲುವುದು ಅದರಿಂದಲೇ.

ಅಲ್ಲಿಂದ ಕಲಿಯಬೇಕಾದ ಸೂತ್ರ ಒಂದೇ: ಎಣ್ಣೆಯ ಬಣ್ಣಕ್ಕೆ ಎಣ್ಣೆಯ ತಳ, ನೀರಿನ ಬಣ್ಣಕ್ಕೆ ನೀರಿನ ತಳ, ಸಿಲಿಕೋನ್ ಫೌಂಡೇಶನ್ನಿಗೆ ಸಿಲಿಕೋನ್ ತಳ. ಕಲೋತ್ಸವದ ಯಕ್ಷಗಾನ ಸ್ಪರ್ಧೆಗೆ ಹೋಗುವ ಹುಡುಗನಿಗೆ ಐನೂರು ರೂಪಾಯಿಯ ಸಿಲಿಕೋನ್ ಪ್ರೈಮರ್ ಹಚ್ಚಿ ಅದರ ಮೇಲೆ ಎಣ್ಣೆಬಣ್ಣ ಹಾಕಿದರೆ ಹಣವೂ ವ್ಯರ್ಥ, ಬಣ್ಣವೂ ಜಾರುತ್ತದೆ. ಅವನಿಗೆ ಅಡುಗೆಮನೆಯ ತೆಂಗಿನೆಣ್ಣೆಯೇ ಪ್ರೈಮರ್. ಅದೇ ಎಣ್ಣೆಯನ್ನು ಭರತನಾಟ್ಯದ ಹುಡುಗಿಯ ಮುಖಕ್ಕೆ ಹಚ್ಚಿ ನೀರಿನಲ್ಲಿ ಕಲಸಿದ ಪ್ಯಾನ್‌ಕೇಕ್ ಹಚ್ಚಿದರೆ ಬಣ್ಣ ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿಹನಿಯಾಗಿ ಒಡೆಯುತ್ತದೆ. ಹಾಗಾಗಿ ಬಣ್ಣ ಹಾಕುವವರನ್ನು ಮೊದಲೇ ಕೇಳಬೇಕಾದ ಪ್ರಶ್ನೆ 'ಯಾವ ಪ್ರೈಮರ್ ತರಬೇಕು' ಎಂಬುದಲ್ಲ, 'ನಿಮ್ಮ ಬಣ್ಣ ಎಣ್ಣೆಯದೋ ನೀರಿನದೋ' ಎಂಬುದು.

ಹಳೆಯದೆಲ್ಲವೂ ನಿರಪಾಯವಾಗಿತ್ತೆಂದು ಇದರ ಅರ್ಥವಲ್ಲ. ಹಿಂದಿನವರು ಬಳಸುತ್ತಿದ್ದ ಅರದಾಳ ಆರ್ಸೆನಿಕ್ಕಿನ ಸಂಯುಕ್ತ, ಇಂಗಳೀಕ ಪಾದರಸದ ಸಂಯುಕ್ತ. ಪರಂಪರೆಯದೆಂಬ ಕಾರಣಕ್ಕೆ ಅವನ್ನು ಈಗ ಮಕ್ಕಳ ಮುಖಕ್ಕೆ ತರಬೇಕಾಗಿಲ್ಲ.

ಹಚ್ಚಬಹುದಾದವು

ನೀರಿನ ಪ್ಯಾನ್‌ಕೇಕಿಗೂ ಸಾಮಾನ್ಯ ಫೌಂಡೇಶನ್ನಿಗೂ ನಮ್ಮ ಮೊದಲ ಆಯ್ಕೆ ಗ್ಲಿಸರಿನ್. ಸಣ್ಣ ಬಾಟಲಿಯ ಬೆಲೆ ಪ್ರೈಮರಿನ ಹತ್ತಿರಕ್ಕೂ ಬರುವುದಿಲ್ಲ, ಒಂದು ಬಾಟಲಿ ಇಡೀ ತಂಡಕ್ಕೆ ಸಾಲುತ್ತದೆ. ಆದರೆ ಅದನ್ನು ನೇರವಾಗಿ ಹಚ್ಚಕೂಡದು. ಒಂದು ಚಮಚ ಗ್ಲಿಸರಿನಿಗೆ ನಾಲ್ಕು ಚಮಚ ಕುದಿಸಿ ಆರಿಸಿದ ನೀರು ಬೆರೆಸಿ, ಅಂದಿನದನ್ನು ಅಂದೇ ಮುಗಿಸಬೇಕು. ತೊಳೆದು ಒರಸಿದ ಮುಖಕ್ಕೆ ತೆಳ್ಳಗೆ ಸವರಿ ಐದು ನಿಮಿಷ ಬಿಟ್ಟು ಮುಟ್ಟಿ ನೋಡಿದರೆ ಬೆರಳು ಸ್ವಲ್ಪ ಹಿಡಿದುಕೊಂಡಂತೆ ಆಗುತ್ತದೆ. ಬಣ್ಣ ಹಚ್ಚುವ ಹದ ಅದೇ. ಕರಾವಳಿಯ ಸೆಕೆಯಲ್ಲಿ ನೀರಿನ ಪ್ರಮಾಣವನ್ನು ಇನ್ನೂ ಹೆಚ್ಚಿಸಬಹುದು, ಇಲ್ಲವಾದರೆ ಮುಖ ಜಿಗುಟಾಗುತ್ತದೆ. ಸೊಲ್ಲಾಪುರ, ಜತ್ತದ ಚಳಿಗಾಲದ ಒಣಗಾಳಿಯಲ್ಲಿ ಗ್ಲಿಸರಿನ್ ಒಂದನ್ನೇ ನಂಬಬಾರದು. ಸುತ್ತಲಿನ ಗಾಳಿಯಲ್ಲಿ ತೇವವಿಲ್ಲದಾಗ ಅದು ಚರ್ಮದ ತೇವವನ್ನೇ ಎಳೆಯಬಹುದು. ಅಲ್ಲಿಯವರು ಮಗು ದಿನವೂ ಹಚ್ಚುವ ಸಾದಾ ಮಾಯಿಶ್ಚರೈಸರನ್ನು ಮೊದಲು ಹಚ್ಚಿ, ಅದು ಇಂಗಲು ಹತ್ತು ನಿಮಿಷ ಕೊಟ್ಟು, ಅದರ ಮೇಲೆ ಬಣ್ಣ ಹಚ್ಚುವುದು ಲೇಸು. ವಾಸ್ತವದಲ್ಲಿ ಒಣ ಚರ್ಮದ ಮಗುವಿಗೆ ಬೇರೆ ಯಾವ ಪ್ರೈಮರೂ ಬೇಕಾಗಿಲ್ಲ.

ಕ್ಷೌರದ ನಂತರದ ಬಾಮ್ ಮನೆಯಲ್ಲಿ ತಂದೆಯದೋ ಅಣ್ಣನದೋ ಇದ್ದರೆ ಹೈಸ್ಕೂಲು ಮಕ್ಕಳಿಗೆ ಹಚ್ಚಿ ನೋಡಬಹುದು. ಇಲ್ಲಿ ಒಂದು ಪದದ ವ್ಯತ್ಯಾಸ ಮುಖ್ಯ. 'ಬಾಮ್' ಎಂದರೆ ಹಾಲಿನಂತೆ ಮಂದವಾದದ್ದು, 'ಲೋಷನ್' ಎಂಬ ಹೆಸರಿನಲ್ಲಿ ಬರುವ ನೀರಿನಂಥದ್ದರಲ್ಲಿ ಆಲ್ಕೋಹಾಲ್ ಇರುತ್ತದೆ. ಎರಡನೆಯದನ್ನು ಮಗುವಿನ ಮುಖಕ್ಕೆ ಹಚ್ಚಿದರೆ ಉರಿ ಖಂಡಿತ. ಬಾಮಿನಲ್ಲೂ ಸುಗಂಧ ಇರುವುದರಿಂದ ಬೇಗ ಕೆಂಪಾಗುವ ಚರ್ಮದವರಿಗೆ ಬೇಡ. ಇರುವುದನ್ನು ಬಳಸುವುದಾದರೆ ಸರಿ, ಇದಕ್ಕಾಗಿಯೇ ಹೊಸದಾಗಿ ಕೊಳ್ಳುವುದಾದರೆ ಅದು ಅಗ್ಗವೂ ಅಲ್ಲ.

ಎಂಟು, ಒಂಬತ್ತು, ಹತ್ತನೆಯ ತರಗತಿಯ ಮಕ್ಕಳ ಮುಖದಲ್ಲಿ ಎಣ್ಣೆ ಹೆಚ್ಚು. ಅಂಥವರ ಹಣೆ, ಮೂಗು, ಗಲ್ಲಗಳಿಗೆ ಕ್ಯಾಲಮೈನ್ ಲೋಷನ್ ಚೆನ್ನಾಗಿ ಒಗ್ಗುತ್ತದೆ. ಬೆವರುಸಾಲೆಗೆ, ತುರಿಕೆಗೆ ಹಚ್ಚುವ ತಿಳಿಗುಲಾಬಿ ಬಣ್ಣದ ಲೋಷನ್ ಇದು. ಇದರಲ್ಲಿರುವ ಜಿಂಕ್ ಆಕ್ಸೈಡ್ ಎಣ್ಣೆಯನ್ನು ಹೀರಿಕೊಂಡು ಒಣಪದರವಾಗಿ ಕೂರುತ್ತದೆ. ಬಾಟಲಿಯನ್ನು ಚೆನ್ನಾಗಿ ಕುಲುಕಿ, ಹತ್ತಿಗೆ ಕೆಲವೇ ಹನಿ ಹಾಕಿ, ಒತ್ತಿ ಹಚ್ಚಬೇಕು. ಹಾಲು ಬಳಿದಂತೆ ಬಳಿದರೆ ನಮ್ಮ ಮಕ್ಕಳ ಮೈಬಣ್ಣದ ಮೇಲೆ ಬೂದಿ ಮೆತ್ತಿದಂತೆ ಕಾಣುತ್ತದೆ, ಫೋಟೊದ ಫ್ಲ್ಯಾಶಿಗೆ ಮುಖ ಇನ್ನಷ್ಟು ಬಿಳಿಚುತ್ತದೆ. ಕೆಲವು ಕ್ಯಾಲಮೈನ್ ಲೋಷನ್‌ಗಳಲ್ಲಿ ಡೈಫೆನ್‌ಹೈಡ್ರಮೀನ್ ಎಂಬ ಅಲರ್ಜಿಯ ಔಷಧವೂ ಸೇರಿರುತ್ತದೆ. ಅದು ಬೇಡ, 'ಸಾದಾ ಕ್ಯಾಲಮೈನ್ ಕೊಡಿ' ಎಂದು ಕೇಳಬೇಕು. ಒಣ ಚರ್ಮದ ಮಗುವಿಗೆ ಕ್ಯಾಲಮೈನ್ ಹಚ್ಚಿದರೆ ಬಣ್ಣ ಕೆರೆಯಂಗಳದ ಮಣ್ಣಿನಂತೆ ಬಿರಿಯುತ್ತದೆ.

ಲೋಳೆಸರದ ಜೆಲ್ ಎಲ್ಲರ ಬಾಯಲ್ಲೂ ಇರುವ ಸಲಹೆ. ಅಂಗಡಿಯ ಜೆಲ್ ತೆಳ್ಳಗೆ ಹಚ್ಚಿದರೆ ನೀರಿನ ಬಣ್ಣಕ್ಕೆ ಒಳ್ಳೆಯ ತಳವೇ. ದಪ್ಪಗೆ ಹಚ್ಚಿದರೆ ಬಣ್ಣ ಉಜ್ಜುವಾಗ ರಬ್ಬರಿನ ಪುಡಿಯಂತೆ ಉರುಳುರುಳಿಯಾಗಿ ಎದ್ದುಬರುತ್ತದೆ. ಹಿತ್ತಲಿನ ಗಿಡದ ಎಸಳನ್ನು ಕೊಯ್ಯುವುದಾದರೆ ಸಿಪ್ಪೆಯಡಿಯ ಹಳದಿ ರಸ ಸಂಪೂರ್ಣ ಸೋರಿಹೋಗುವಂತೆ ನಿಲ್ಲಿಸಿಟ್ಟು, ತೊಳೆದು, ಒಳಗಿನ ತಿರುಳನ್ನಷ್ಟೇ ತೆಗೆದುಕೊಳ್ಳಬೇಕು. ತುರಿಕೆ ತರುವುದು ಆ ಹಳದಿ ರಸ. ತಾಜಾ ತಿರುಳಿಗಿಂತ ಅಂಗಡಿಯ ಜೆಲ್ಲೇ ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆಂಬುದನ್ನೂ ಹೇಳಬೇಕು. ನೈಸರ್ಗಿಕವಾದದ್ದೇ ಶ್ರೇಷ್ಠ ಎನ್ನುವವರಿಗೆ ಇದು ರುಚಿಸಲಿಕ್ಕಿಲ್ಲ.

ಮನೆಯಲ್ಲಿ ಜೆಲ್ ಮಾದರಿಯ ಸನ್‌ಸ್ಕ್ರೀನ್ ಇದ್ದರೆ ಅದರ ಪಟ್ಟಿಯನ್ನೊಮ್ಮೆ ಓದಬೇಕು. ಅನೇಕ ಜೆಲ್ ಸನ್‌ಸ್ಕ್ರೀನುಗಳು ಸಿಲಿಕೋನ್ ಕುಲದವು, ಆಧುನಿಕ ಫೌಂಡೇಶನ್ನಿಗೆ ಅವು ಹೆಚ್ಚುಕಡಿಮೆ ಪ್ರೈಮರೇ. ಕೂದಲಿಗೆ ಹಚ್ಚುವ ಸೀರಮ್ಮಿನಲ್ಲೂ ಅದೇ ಸಿಲಿಕೋನ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಅದರ ಜತೆಗೆ ಕೂದಲಿಗೆಂದು ಸೇರಿಸಿದ ಗಾಢ ಸುಗಂಧವೂ ಇದೆ. ಮುಖಕ್ಕೆ ಅದು ಬೇಡ.

ಮಂಜುಗಡ್ಡೆಗೆ ಖರ್ಚೇ ಇಲ್ಲ. ತೆಳುಬಟ್ಟೆಯಲ್ಲಿ ಸುತ್ತಿ ಒಂದೆರಡು ನಿಮಿಷ ಮುಖದ ಮೇಲೆ ಆಡಿಸಿದರೆ ಚರ್ಮ ತಣಿದು ಬೆವರು ಸ್ವಲ್ಪ ಹೊತ್ತು ನಿಲ್ಲುತ್ತದೆ, ಬಣ್ಣ ಹಚ್ಚಲು ಬಿಡುವು ಸಿಗುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬಾರದು.

ಹಚ್ಚಿದರೆ ಕೆಡುವವು

ನಮ್ಮ ಬಳಗದ ಒಂದು ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇವೆ. ಗುಂಪು ನೃತ್ಯಕ್ಕೆ ಹೊರಟ ಎಂಟನೆಯ ತರಗತಿಯ ಹುಡುಗಿಗೆ ಮನೆಯವರು ಬೆಳಿಗ್ಗೆ ಆರು ಗಂಟೆಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಮೇಲೆ ಪ್ಯಾನ್‌ಕೇಕ್ ಹಾಕಿಸಿದರು. ಮನೆಯ ಕನ್ನಡಿಯಲ್ಲಿ ಮುಖ ಮಿರಮಿರ ಹೊಳೆಯುತ್ತಿತ್ತು. ಹನ್ನೊಂದಕ್ಕೆ ಎಂದಿದ್ದ ಸ್ಪರ್ಧೆ ಸಂಜೆ ನಾಲ್ಕಕ್ಕೆ ಹೋಯಿತು. ಅಷ್ಟರಲ್ಲಿ ಜೆಲ್ಲಿ ಕರಗಿ, ಬಣ್ಣ ಕೆನ್ನೆಯಿಂದ ಇಳಿದು ಕುತ್ತಿಗೆಯ ಮಣಿಸರದಲ್ಲಿ ಸೇರಿಕೊಂಡಿತ್ತು, ಕಾಡಿಗೆ ಕಣ್ಣಿನೊಳಗೆ ಹೋಗಿತ್ತು. ಕಣ್ಣೊರಸಿಕೊಳ್ಳುತ್ತಲೇ ಅವಳು ಕುಣಿದಳು. ತಂಡದ ಉಳಿದವರ ಮುಖ ನೆಟ್ಟಗಿದ್ದು ತನ್ನದು ಮಾತ್ರ ಹಾಗಾದದ್ದು ಅವಳಿಗೆ ಬಹುಕಾಲ ನೋವಾಗಿ ಉಳಿಯಿತು.

1872ರಲ್ಲಿ ಅಮೆರಿಕದ ರಾಬರ್ಟ್ ಚೀಸ್‌ಬ್ರೋ ಪೇಟೆಂಟ್ ಪಡೆದ ವ್ಯಾಸಲೀನ್ ಈಗಲೂ ಒಡೆದ ತುಟಿಗೆ, ಬಿರಿದ ಹಿಮ್ಮಡಿಗೆ ಒಳ್ಳೆಯ ಮದ್ದು. ಆದರೆ ಅದು ಚರ್ಮದೊಳಗೆ ಇಂಗುವುದಿಲ್ಲ, ಆವಿಯಾಗುವುದೂ ಇಲ್ಲ. ದೇಹದ ಬಿಸಿಗೂ ವೇದಿಕೆಯ ದೀಪದ ಬಿಸಿಗೂ ಮೆತ್ತಗಾಗಿ ಮೇಲಿದ್ದುದನ್ನೆಲ್ಲ ಹೊತ್ತು ಜಾರುತ್ತದೆ. ತುಟಿಗೆ, ಮೂಗಿನ ಅಂಚಿನ ಒಣ ಸಿಪ್ಪೆಗೆ ಸಾಸಿವೆಕಾಳಿನಷ್ಟು ಸಾಕು.

ಕಲೋತ್ಸವದ ವೇಳಾಪಟ್ಟಿ ನಂಬುವಂಥದ್ದಲ್ಲವೆಂಬುದು ಎಲ್ಲರಿಗೂ ಗೊತ್ತು. ಬೆಳಿಗ್ಗೆ ಹಚ್ಚಿದ ಬಣ್ಣ ಎಂಟು ಗಂಟೆಯಾದರೂ ಮಗುವಿನ ಮುಖದ ಮೇಲಿರುತ್ತದೆಂದು ಎಣಿಸಿಯೇ ತಳವನ್ನು ಆರಿಸಬೇಕು. ಅರ್ಧ ಗಂಟೆ ಸಹಿಸಿಕೊಳ್ಳಬಹುದಾದ ವಸ್ತು ಎಂಟು ಗಂಟೆಯಲ್ಲಿ ಗಾಯ ಮಾಡಬಲ್ಲದು. ಮಿಲ್ಕ್ ಆಫ್ ಮೆಗ್ನೀಷಿಯಾ ಇದಕ್ಕೆ ಸರಿಯಾದ ಉದಾಹರಣೆ. ಮಲಬದ್ಧತೆಗೆ ಕುಡಿಸುವ ಈ ಬಿಳಿ ದ್ರಾವಣ ಎಣ್ಣೆಯನ್ನು ಹೀರುತ್ತದೆಂಬುದು ನಿಜ, ವಿದೇಶದ ಪ್ರಸಾಧನ ಕಲಾವಿದರು ಬಳಸಿದ್ದೂ ನಿಜ. ಆದರೆ ನಮ್ಮ ಚರ್ಮದ ಮೇಲ್ಮೈ ತಿಳಿಯಾಗಿ ಆಮ್ಲೀಯ, ಅದರ ಪಿಎಚ್ ಸುಮಾರು 5. ಮೆಗ್ನೀಷಿಯಾ ಪ್ರತ್ಯಾಮ್ಲ, ಅದರ ಪಿಎಚ್ 10ರ ಆಸುಪಾಸು. ದಿನವಿಡೀ ಅದನ್ನು ಹೊತ್ತ ಚರ್ಮದ ರಕ್ಷಾಕವಚ ಸಡಿಲವಾಗಿ ಒಣಗಿ ಉರಿಯತೊಡಗುತ್ತದೆ. ಮಕ್ಕಳಿಗೆ ಇದು ಬೇಡವೆಂದು ಸ್ಪಷ್ಟವಾಗಿ ಹೇಳುತ್ತೇವೆ. ಕಂಕುಳಿಗೆ ಹಚ್ಚುವ ಬೆವರುತಡೆ ರೋಲ್‌ಆನ್, ಮೆಂಥಾಲ್ ಸೇರಿದ ಬೆವರುಸಾಲೆ ಪೌಡರುಗಳಿಗೂ ಇದೇ ಮಾತು. ಕಣ್ಣಿನ ಹತ್ತಿರಕ್ಕೆ ಹೋಗುವ ವಸ್ತುಗಳಲ್ಲ ಅವು.

ಕೊಳ್ಳಲೇಬಾರದ ಟ್ಯೂಬು

ಈವರೆಗೆ ಹೇಳಿದ್ದು ಹೆಚ್ಚೆಂದರೆ ಒಂದು ದಿನದ ತೊಂದರೆ. ನಿಜವಾದ ಆತಂಕ ಬೇರೆಯದು. 'ಮುಖ ನುಣುಪಾಗಬೇಕು, ಬಣ್ಣ ಚೆನ್ನಾಗಿ ಕೂರಬೇಕು' ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿದಾಗ ಕೆಲವೊಮ್ಮೆ ಕೈಗೆ ಬರುವುದು ಸ್ಟೀರಾಯ್ಡ್ ಕ್ರೀಮಿನ ಟ್ಯೂಬು. ಬೆಲೆ ಬಹಳ ಕಡಿಮೆ. ಹಚ್ಚಿದ ಮೂರು ನಾಲ್ಕು ದಿನಗಳಲ್ಲಿ ಮೊಡವೆಯ ಕೆಂಪು ಇಳಿದು ಮುಖ ತಿಳಿಯಾಗಿ ಕಾಣುತ್ತದೆ. ಮೋಸವಿರುವುದು ಅಲ್ಲಿಯೇ. ಹಚ್ಚುತ್ತ ಹೋದಂತೆ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ಕಾಣತೊಡಗುತ್ತವೆ, ಮೊಡವೆ ಮೊದಲಿಗಿಂತ ಹೆಚ್ಚುತ್ತದೆ, ಹೆಣ್ಣುಮಕ್ಕಳ ಮುಖದಲ್ಲಿ ಕೂದಲು ಬೆಳೆಯಬಹುದು. ನಿಲ್ಲಿಸಿದರೆ ಮುಖವೆಲ್ಲ ಉರಿದು ಕೆಂಪಾಗುವುದರಿಂದ ಹುಡುಗಿ ಮತ್ತೆ ಅದೇ ಟ್ಯೂಬಿಗೆ ಕೈ ಚಾಚುತ್ತಾಳೆ. 2018ರಲ್ಲಿ ಕೇಂದ್ರ ಸರಕಾರ ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಹಾಗಿದ್ದೂ ಕೇಳಿದರೆ ಕೊಡುವವರಿದ್ದಾರೆ.

ಕನ್ನಡ ಮಾಧ್ಯಮದ ಮನೆಗಳಿಗೆ ಇಲ್ಲೊಂದು ವಿಶೇಷ ತೊಡಕಿದೆ. ಟ್ಯೂಬಿನ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿ, ಅಂಗಡಿಯವರ ವಿವರಣೆ ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ. ಸಂಕೋಚದಿಂದ ಕೇಳದೆ ತರುವವರೇ ಹೆಚ್ಚು. ಭಾಷೆ ಬಾರದಿದ್ದರೂ ಗುರುತಿಸಬಹುದಾದ ಚಿಹ್ನೆಯೊಂದಿದೆ: ಟ್ಯೂಬಿನ ಹೆಸರಿನ ಬಳಿ ಎಡಬದಿಯಲ್ಲಿ, ವೈದ್ಯರ ಚೀಟಿಯ ತುದಿಯಲ್ಲಿರುವಂಥದೇ 'ಆರ್‌ಎಕ್ಸ್' ಗುರುತು ಇದ್ದರೆ ಅದು ವೈದ್ಯರು ಬರೆದುಕೊಟ್ಟಾಗ ಮಾತ್ರ ಬಳಸುವ ಔಷಧ. ಅದನ್ನು ಅಲ್ಲೇ ಹಿಂದಿರುಗಿಸಬೇಕು. ಔಷಧದ ಹೆಸರು 'ಸೋನ್' ಅಥವಾ 'ಸೋಲ್' ಎಂದು ಕೊನೆಗೊಂಡರೂ, ಉದಾಹರಣೆಗೆ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್, ಎಚ್ಚರವಿರಲಿ. ಹೈಸ್ಕೂಲಿನ ಇಂಗ್ಲಿಷ್ ಪಾಠ ಓದಬಲ್ಲ ಮಗುವಿಗೆ ಈ ಅಕ್ಷರಗಳನ್ನು ಹುಡುಕಲು ಹೇಳಿಕೊಡಬಹುದು. ನಮ್ಮ ಅನುಭವದಲ್ಲಿ ಮಕ್ಕಳು ಇದನ್ನು ಆಟದಂತೆ ಬೇಗ ಕಲಿಯುತ್ತಾರೆ.

ಇದಕ್ಕಿಂತಲೂ ಭಯಂಕರವಾದದ್ದು ತಯಾರಕರ ವಿಳಾಸವೇ ಇಲ್ಲದ ಬಿಳುಪಿನ ಕ್ರೀಮುಗಳು. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ಪ್ರಕರಣಗಳನ್ನು ಕಂಡರು. ಅವರಲ್ಲಿ 15 ಮಂದಿಯ ಕಾಯಿಲೆ ಅಪರೂಪದ ಒಂದೇ ಮಾದರಿಯದಾಗಿತ್ತು, ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚಿದ್ದವರು. ಕ್ರೀಮಿನಲ್ಲಿ ಪಾದರಸವಿತ್ತು. ಚೌಕಿಯಿಂದ ನಾವು ಓಡಿಸಿದ ಇಂಗಳೀಕದ ಪಾದರಸ ಹೀಗೆ ಬೇರೆ ಬಾಗಿಲಿನಿಂದ ಒಳಗೆ ಬಂದಿದೆ. ವೇದಿಕೆಗೆ ಮಗು ಬಿಳಿಯಾಗಿಯೇ ಕಾಣಬೇಕೆಂಬ ಹಟ ಎಲ್ಲಿಂದ ಬಂತೋ! ಕೃಷ್ಣನ ವೇಷಕ್ಕೂ ಸುಣ್ಣದಂಥ ಫೌಂಡೇಶನ್ ಬಳಿಯುವುದನ್ನು ನೋಡಿದಾಗ ನಮಗೆ ನಗುವೂ ಬರುತ್ತದೆ, ಬೇಸರವೂ ಆಗುತ್ತದೆ. ಮಗುವಿನ ಮೈಬಣ್ಣಕ್ಕೆ ಹೊಂದುವ ಬಣ್ಣ ಆರಿಸಿದರೆ ಅದು ಜಾರಿದರೂ ಅಷ್ಟಾಗಿ ಕಾಣುವುದಿಲ್ಲ.

ಸ್ಪರ್ಧೆಗೆ ಒಂದು ವಾರ ಮೊದಲು

ಆರಿಸಿದ ವಸ್ತು ಯಾವುದೇ ಇರಲಿ, ಮೊದಲು ಮೊಣಕೈಯ ಒಳಮಡಿಕೆಯಲ್ಲಿ ಒಂದು ನಾಣ್ಯದಷ್ಟು ಜಾಗಕ್ಕೆ ಎರಡು ದಿನ ಹಚ್ಚಿ ನೋಡಬೇಕು. ತುರಿಕೆ, ಕೆಂಪು ಇಲ್ಲದಿದ್ದರೆ ಕೊನೆಯ ಅಭ್ಯಾಸದ ದಿನ ತಳ, ಬಣ್ಣ, ಪೌಡರು ಎಲ್ಲವನ್ನೂ ಹಚ್ಚಿ ಮಗುವನ್ನು ಕುಣಿಸಬೇಕು. ಒಂದು ಗಂಟೆ ಬೆವರಿದ ಮೇಲೆ ಉಳಿಯುವ ಬಣ್ಣವೇ ಉಳಿಯುವ ಬಣ್ಣ. ಸ್ಪರ್ಧೆಯ ದಿನವೇ ಹೊಸ ವಸ್ತುವನ್ನು ಮುಖಕ್ಕೆ ತರುವುದು ಸರಿಯಲ್ಲ, ಅದು ಎಷ್ಟೇ ದುಬಾರಿಯದಾಗಿರಲಿ.

ಹಚ್ಚುವಾಗ ಎಲ್ಲರೂ ಮಾಡುವ ತಪ್ಪು ಆತುರ. ಮುಖ ತೊಳೆದು, ಒತ್ತಿ ಒರಸಿ, ಕಡಲೆಕಾಳಿನಷ್ಟು ತಳವನ್ನು ಇಡೀ ಮುಖಕ್ಕೆ ಹರಡಿ, ಐದರಿಂದ ಹತ್ತು ನಿಮಿಷ ಕಾಯಬೇಕು. ಅಷ್ಟರಲ್ಲಿ ಜಡೆ ಹೆಣೆದು ಮುಗಿಸಬಹುದು. ಕೆಳಗಿನ ಪದರ ಒಣಗುವ ಮೊದಲೇ ಮೇಲಿನದು ಬಂದರೆ ಎರಡೂ ಬೆರೆತು ಕಲಸುಮೇಲೋಗರವಾಗುತ್ತದೆ.

ಎಲ್‌ಪಿ ತರಗತಿಯ ಪುಟ್ಟ ಮಕ್ಕಳಿಗೆ ಇದಾವುದೂ ಬೇಡ. ಅವರ ಚರ್ಮವೇ ನುಣುಪು. ಕನ್ನಡ ಕಂಠಪಾಠಕ್ಕೂ ಭಾಷಣಕ್ಕೂ ನಿಲ್ಲುವ ಮಗುವಿಗೆ ಫೌಂಡೇಶನ್ ಏಕೆ ಬೇಕೆಂಬುದು ನಮಗೆ ಈವರೆಗೂ ಅರ್ಥವಾಗಿಲ್ಲ.

ಬಣ್ಣದ ಕೋಣೆಯ ಇನ್ನೊಂದು ಅಪಾಯ ಪ್ರೈಮರಿಗಿಂತ ದೊಡ್ಡದು. ಹತ್ತು ಹನ್ನೆರಡು ಮಕ್ಕಳ ಮುಖಕ್ಕೆ ಒಂದೇ ಸ್ಪಂಜು, ಒಂದೇ ಕಾಡಿಗೆ ಕಡ್ಡಿ ಓಡಾಡುತ್ತದೆ. ಕೆಂಗಣ್ಣು, ಕೀವುಗುಳ್ಳೆ, ತುಟಿಯ ಹುಣ್ಣು ಒಬ್ಬರಿಂದ ಒಬ್ಬರಿಗೆ ದಾಟುವುದು ಹೀಗೆಯೇ. ಪ್ರೈಮರಿಗೆ ಕೊಡಬೇಕಿದ್ದ ಹಣದಲ್ಲಿ ಪ್ರತಿ ಮಗುವಿಗೂ ಒಂದು ಸ್ಪಂಜು, ಒಂದು ಕಾಡಿಗೆ ತಂದು, ಹೆಸರು ಬರೆದ ಪುಟ್ಟ ಚೀಲದಲ್ಲಿ ಹಾಕಿಕೊಡಬಹುದು. ಪಿಟಿಎ ಸಭೆಯಲ್ಲಿ ಇದನ್ನು ಪ್ರಸ್ತಾಪಿಸುವವರು ಒಬ್ಬರಾದರೂ ಬೇಕು. ತಂಡಕ್ಕೆ ಒಂದು ಬಾಟಲಿ ಗ್ಲಿಸರಿನ್, ಒಂದು ಸಾದಾ ಕ್ಯಾಲಮೈನ್, ಒಂದು ಪೊಟ್ಟಣ ಹತ್ತಿ ಶಾಲೆಯ ವತಿಯಿಂದಲೇ ಇದ್ದರೆ ಯಾವ ಮನೆಯೂ ಪ್ರತ್ಯೇಕವಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ಬಾಟಲಿಯೊಳಗೆ ಬೆರಳು ಅದ್ದದೆ ಅಂಗೈಗೆ ಸುರಿದುಕೊಳ್ಳುವಂತೆ ಮಕ್ಕಳಿಗೆ ಹೇಳಿರಬೇಕು.

ರಾತ್ರಿ ಎಷ್ಟೇ ಹೊತ್ತಾಗಲಿ, ಬಣ್ಣ ತೆಗೆಯದೆ ಮಗುವನ್ನು ಮಲಗಿಸಬಾರದು. ಇಲ್ಲಿ ಮತ್ತೆ ಬೇಕಾಗುವುದು ತೆಂಗಿನೆಣ್ಣೆಯೇ. ನೀರಿನ ಬಣ್ಣವಿರಲಿ, ಸಿಲಿಕೋನ್ ಇರಲಿ, ಎಣ್ಣೆ ಸವರಿ ಒಂದು ನಿಮಿಷ ಬಿಟ್ಟರೆ ಎಲ್ಲವೂ ಸಡಿಲವಾಗುತ್ತದೆ. ಹತ್ತಿಯಿಂದ ಒರಸಿ ಆಮೇಲೆ ಮೃದುವಾದ ಸೋಪಿನಲ್ಲಿ ತೊಳೆಯಬೇಕು, ಮೊಡವೆಯಿರುವ ಮಕ್ಕಳ ಮುಖದಲ್ಲಿ ಎಣ್ಣೆ ಉಳಿಯದಂತೆ ಎರಡು ಸಲ. ನೀಲಗಿರಿಯ ಚಳಿಯಲ್ಲಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿರುತ್ತದೆ, ಅಲ್ಲಿಯವರು ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟು ಕರಗಿಸಿಕೊಳ್ಳಬೇಕು. ಕಣ್ಣಿನ ಅಂಚಿನ ಕಾಡಿಗೆ ಪೂರ್ತಿ ಹೋಗಲಿಲ್ಲವೆಂದು ಉಜ್ಜುವುದು ಬೇಡ. ಎಣ್ಣೆ ಹತ್ತಿಯನ್ನು ಮುಚ್ಚಿದ ರೆಪ್ಪೆಯ ಮೇಲೆ ಸ್ವಲ್ಪ ಹೊತ್ತಿಟ್ಟು ತೆಗೆದರೆ ಸಾಕು, ಉಳಿದದ್ದು ಮರುದಿನದ ಸ್ನಾನದಲ್ಲಿ ಹೋಗುತ್ತದೆ.